ಸುಮ್ಮನಿದ್ದ ಲ್ಯಾಪ್‌ಟಾಪಿನಲ್ಲಿ ಡೇಟಾ ಓಡಿದರೆ

ಐಮಂಗಲದಂಥ ಹೆದ್ದಾರಿ ಬದಿಯ ಊರುಗಳಿಗೂ ವೈಫೈ ಬಂದಿದೆ. ಪುಟ್ಟ ಲ್ಯಾಪ್‌ಟಾಪ್ ಸುಮ್ಮನಿದ್ದರೂ ಡೇಟಾ ಓಡುತ್ತಿದ್ದರೆ ನಮಗೆ ಗಾಬರಿ. ಹೆಚ್ಚಾಗಿ ಅದು ಅಪ್‌ಡೇಟ್ ಅಷ್ಟೇ. ಟಾಸ್ಕ್ ಮ್ಯಾನೇಜರ್ ತೆರೆದರೆ ತಿಳಿಯುತ್ತದೆ.

ಆದರೂ ಈ ಅನುಮಾನಕ್ಕೊಂದು ಇತಿಹಾಸವಿದೆ. ವೈಫೈಗೆ ಹಾಕಿದ ಮೊದಲ ಬೀಗ ವೆಪ್. ಅದನ್ನು ಮುರಿಯಬಹುದೆಂದು 2001ರಲ್ಲೇ ಸಂಶೋಧಕರು ತೋರಿಸಿಕೊಟ್ಟರು. 2004ರಲ್ಲಿ ಗಟ್ಟಿಯಾದ ಡಬ್ಲ್ಯುಪಿಎ2 ಬಂತು. ಆದರೆ ಬೀಗ ಇದ್ದರೆ ಸಾಲದು, ಹಾಕಬೇಕು. 2008ರ ಅಹಮದಾಬಾದ್ ಸ್ಫೋಟದ ಹೊಣೆ ಹೊತ್ತ ಇ-ಮೇಲ್ ಹೋದದ್ದು ನವಿ ಮುಂಬೈನ ಮನೆಯೊಂದರ ಬೀಗವಿಲ್ಲದ ವೈಫೈನಿಂದ. ಪೊಲೀಸರು ಮೊದಲು ತಟ್ಟಿದ್ದು ಆ ಮನೆಯ ಬಾಗಿಲನ್ನೇ.

ಹಾಗಾಗಿ ರೂಟರಿನ ಪಟ್ಟಿಯಲ್ಲಿ ಗುರುತಿಲ್ಲದ ಮೊಬೈಲ್ ಕಂಡರೆ ಅಂದೇ ಪಾಸ್‌ವರ್ಡ್ ಬದಲಿಸೋಣ. ಬಳಸಿದವರು ಯಾರೇ ಆಗಲಿ, ಸಂಪರ್ಕ ಇರುವುದು ನಮ್ಮ ಹೆಸರಿನಲ್ಲಿ.