ಅಪ್ಪನ ಜಾವಾ, ಮೈಸೂರಿನ ಜಾವಾ

ಗುರುವಾಯನಕೆರೆ ದಾರಿಗಳು ಕೂಡುವ ಊರು. ಮಂಗಳೂರಿನಿಂದ ಬಂಟ್ವಾಳ, ಮಡಂತ್ಯಾರು ದಾಟಿ ಬರುವ ರಸ್ತೆ ಇಲ್ಲಿಂದ ಬೆಳ್ತಂಗಡಿ, ಉಜಿರೆಗೆ ಹೋಗಿ ಚಾರ್ಮಾಡಿ ಘಾಟಿ ಹತ್ತುತ್ತದೆ. ಇನ್ನೊಂದು ವೇಣೂರಿನ ಗೊಮ್ಮಟನನ್ನು ಕಂಡು ಮೂಡುಬಿದಿರೆಗೆ ಹೋಗುತ್ತದೆ. ಮತ್ತೊಂದು ಅಳದಂಗಡಿ, ನಾರಾವಿಯ ಮೇಲಾಗಿ ಕಾರ್ಕಳಕ್ಕೆ. ಇಂಥ ಊರಿನಲ್ಲಿ ಬೆಳೆದವರಿಗೆ ವಾಹನದ ಗುರುತು ಮೊದಲು ಕಿವಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ನಮ್ಮ ಬಾಲ್ಯದಲ್ಲಿ ಏರು ಹತ್ತುವ ಬಸ್ಸಿನ ನರಳಾಟ ಒಂದು ಬಗೆ, ಬುಲೆಟ್ಟಿನ ಗಂಭೀರ ಗುಡುಗು ಇನ್ನೊಂದು ಬಗೆ. ಇವೆರಡರ ನಡುವೆ ಎರಡು ಸೈಲೆನ್ಸರುಗಳಿಂದ ಹೊರಡುವ ಒಂದು ಪಟಪಟ ಸದ್ದು. ಅದು ಕೇಳಿಸಿದರೆ ಅಮ್ಮ ಚಹಾಕ್ಕೆ ನೀರಿಡುತ್ತಿದ್ದರು. ಅಪ್ಪನ ಜಾವಾ ಜಂಕ್ಷನ್ ದಾಟಿತು ಎಂದು ಅರ್ಥ.

ಜಾವಾ ಎಂದರೆ ಎಲ್ಲಿಯೋ ಇಂಡೋನೇಶಿಯಾದ ದ್ವೀಪ ಎಂದು ನಾನು ತುಂಬಾ ದಿನ ತಿಳಿದಿದ್ದೆ. ಈ ಹೆಸರಿನ ಕತೆಯೇ ಬೇರೆ. 1929ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ವಾಂಡರರ್ ಎಂಬ ಜರ್ಮನ್ ಕಂಪೆನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡುಕೊಂಡರು. ತನ್ನ ಹೆಸರಿನ ಮೊದಲ ಎರಡು ಅಕ್ಷರ, ಆ ಕಂಪೆನಿಯ ಮೊದಲ ಎರಡು ಅಕ್ಷರ ಸೇರಿಸಿ ಇಟ್ಟ ಹೆಸರು ಅದು. ಮದುವೆಯಾದ ಮೇಲೆ ಎರಡು ಮನೆಯ ಹೆಸರನ್ನೂ ಉಳಿಸಿಕೊಂಡಂತೆ.

ಆ ಗಾಡಿ ನಮ್ಮಲ್ಲಿಗೆ ಬಂದದ್ದು ಮೈಸೂರಿನ ಮೂಲಕ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಎಂಬವರು ಐಡಿಯಲ್ ಜಾವಾ ಕಂಪೆನಿಯನ್ನು ಕಟ್ಟಿ, ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಗಾಡಿ ತಯಾರಿಸತೊಡಗಿದರು. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ನಾವು 'ಮೈಸೂರಿನವರು' ಆಗಿ ಐದು ವರ್ಷಕ್ಕೆ ಈ ಗಾಡಿ ಬಂತು. ನಮ್ಮ ಕಡೆಯ ಮನೆಗಳಿಗೆ ದೂರದ ಮೈಸೂರು ಪರಿಚಯವಾದದ್ದು ವಸ್ತುಗಳಿಂದ. ಹೆಂಗಸರಿಗೆ ಸ್ಯಾಂಡಲ್ ಸೋಪು, ಉಳ್ಳವರಿಗೆ 1912ರಲ್ಲಿ ಶುರುವಾದ ಕಾರ್ಖಾನೆಯ ರೇಷ್ಮೆ ಸೀರೆ, ಗಂಡಸರಿಗೆ ಜಾವಾ. ಮೂರನ್ನೂ ಜೋಪಾನವಾಗಿ ಬಳಸುತ್ತಿದ್ದರು.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. 1968ರ ಜಾವಾ ಒಂದನ್ನು 1976ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡರು. ನಂಬರ್ ಪ್ಲೇಟಿನಲ್ಲಿ ಆಗಿನ ಮೈಸೂರು ರಾಜ್ಯದ 'ಎಂವೈ' ಅಕ್ಷರಗಳು. ಕೆಂಗಂದು ಬಣ್ಣದ ಟ್ಯಾಂಕು, ಅದರ ಮೇಲೆ ಸೀರೆಯ ಕಡ್ಡಿ ಅಂಚಿನಂಥ ತೆಳು ಗೆರೆ. ಗೇರ್ ಹಾಕುವುದಕ್ಕೂ ಕಿಕ್ ಹೊಡೆಯುವುದಕ್ಕೂ ಒಂದೇ ಸನ್ನೆ. ಅದನ್ನು ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ಕರ್ ಆಗಿ ಎದ್ದು ನಿಲ್ಲುತ್ತದೆ. ತಿಳಿಯದವರು ಗಾಡಿಯ ಬಲಗಡೆ ನಿಂತು ಕಿಕ್ಕರ್ ಹುಡುಕುವುದನ್ನು ನೋಡಿ ನಾವು ಮಕ್ಕಳು ನಗುತ್ತಿದ್ದೆವು. ಅದು ಇರುವುದು ಎಡಗಡೆ.

ಆ ಗಾಡಿಯಲ್ಲಿ ಅಮ್ಮನಿಗೆಂದು ಇದ್ದದ್ದು ಒಂದೇ ಭಾಗ, ಸೀರೆ ಗಾರ್ಡ್. ಹಿಂದಿನ ಚಕ್ರಕ್ಕೆ ಸೆರಗು ಸುತ್ತಿಕೊಳ್ಳದಂತೆ ತಡೆಯುವ ಕಂಬಿಯ ಜಾಳಿಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂದೆ ಕೂರುವವರಿಗೆ ಹಿಡಿ, ಕಾಲಿಡಲು ಜಾಗ, ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಲೇಬೇಕೆಂದು ಹೇಳುತ್ತದೆ. ಮೋಟಾರ್ ಸೈಕಲ್ಲಿನ ಚರಿತ್ರೆ ಬರೆದವರು ಎಂಜಿನ್ನಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಈ ಜಾಳಿಗೆಯ ಬಗ್ಗೆ ಒಂದು ಸಾಲು ಸಿಗುವುದು ಕಷ್ಟ. ಒಂದು ಪಕ್ಕಕ್ಕೆ ಕುಳಿತು, ಮಡಿಲಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದು ಇಡೀ ದೇಶ ಸುತ್ತಿದ ಹೆಂಗಸರ ಚರಿತ್ರೆ ಆ ಕಂಬಿಗಳಲ್ಲಿದೆ.

1973 ಹೆಸರು ಬದಲಾದ ವರ್ಷ. ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ವರ್ಷ ಮೈಸೂರಿನ ಕಾರ್ಖಾನೆಯ ಜಾವಾ ಯೆಜ್ಡಿ ಎಂಬ ಹೆಸರು ಪಡೆಯಿತು. ಇರಾನಿನ ಯಜ್ದ್ ಪಟ್ಟಣ ಪಾರಸಿಗಳ ಧರ್ಮದವರ ಹಳೆಯ ನೆಲೆ. ಹೆಸರು ಅಲ್ಲಿಂದ ಬಂದದ್ದು. 1978ರಲ್ಲಿ ರೋಡ್‌ಕಿಂಗ್ ಬಂತು. 1985ರಲ್ಲಿ ಹೀರೋ ಹೋಂಡಾದ ಫೋರ್ ಸ್ಟ್ರೋಕ್ ಗಾಡಿ ಬಂದ ಮೇಲೆ ಜನರ ಲೆಕ್ಕಾಚಾರ ಬದಲಾಯಿತು. ಒಂದು ಲೀಟರಿಗೆ ಎಷ್ಟು ದೂರ ಎಂಬುದೇ ಮೊದಲ ಪ್ರಶ್ನೆಯಾಯಿತು. ಹೊಗೆಯ ಮೇಲಿನ ಕಾನೂನೂ ಬಿಗಿಯಾಗುತ್ತ ಬಂತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಅದನ್ನು ನಂಬಿದ್ದ ಸಂಸಾರಗಳ ಕಷ್ಟ ಆ ನಗರದವರಿಗೆ ಗೊತ್ತು.

ಈ ಟೂ ಸ್ಟ್ರೋಕ್ ಎಂಬುದು ಏನು ಎಂದು ಗಾಡಿ ಓಡಿಸುವ ಹೆಣ್ಣುಮಕ್ಕಳಿಗೂ ಯಾರೂ ಹೇಳುವುದಿಲ್ಲ. ವಿಷಯ ಕಷ್ಟದ್ದಲ್ಲ. ಎಂಜಿನ್ನಿಗೆ ನಾಲ್ಕು ಕೆಲಸ: ಪೆಟ್ರೋಲು ಬೆರೆತ ಗಾಳಿಯನ್ನು ಎಳೆದುಕೊಳ್ಳಬೇಕು, ಒತ್ತಬೇಕು, ಉರಿಸಬೇಕು, ಹೊಗೆಯನ್ನು ಹೊರಗೆ ಹಾಕಬೇಕು. ಫೋರ್ ಸ್ಟ್ರೋಕಿನಲ್ಲಿ ಒಂದೊಂದು ಕೆಲಸಕ್ಕೆ ಪಿಸ್ಟನ್ ಒಂದೊಂದು ಸಲ ಚಲಿಸುತ್ತದೆ. ಟೂ ಸ್ಟ್ರೋಕಿನಲ್ಲಿ ಒಂದು ಸಲ ಮೇಲೆ, ಒಂದು ಸಲ ಕೆಳಗೆ, ಅಷ್ಟರಲ್ಲಿ ನಾಲ್ಕೂ ಮುಗಿಯಬೇಕು. ಪಿಸ್ಟನ್ ಮೇಲೇರುವಾಗ ಅದರ ನೆತ್ತಿಯ ಮೇಲೆ ಒತ್ತುವ ಕೆಲಸ, ಅಡಿಯಲ್ಲಿ ಎಳೆದುಕೊಳ್ಳುವ ಕೆಲಸ, ಎರಡೂ ಒಟ್ಟಿಗೆ. ಬೆಳಗ್ಗೆ ಶಾಲೆಯ ಹೊತ್ತಿಗೆ ಒಂದು ಕೈಯಲ್ಲಿ ದೋಸೆ ಮಗುಚುತ್ತ ಇನ್ನೊಂದು ಕೈಯಲ್ಲಿ ಚಟ್ನಿಗೆ ಒಗ್ಗರಣೆ ಕೊಡುತ್ತೇವಲ್ಲ, ಹಾಗೆ. ಇದಕ್ಕೆ ವಾಲ್ವುಗಳಿಲ್ಲ, ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತ ತೆರೆಯುತ್ತ ಹೋಗುತ್ತದೆ. ಪೆಟ್ರೋಲು ಎಂಜಿನ್ನಿನ ಹೊಟ್ಟೆಯ ಮೂಲಕವೇ ಹಾಯುವುದರಿಂದ ಅಲ್ಲಿ ಬೇರೆ ಎಣ್ಣೆ ನಿಲ್ಲಿಸುವಂತಿಲ್ಲ. ಅದಕ್ಕೇ ಪೆಟ್ರೋಲಿಗೇ ಎಣ್ಣೆ ಬೆರೆಸುವುದು. ಆ ಎಣ್ಣೆಯೂ ಉರಿದು ನೀಲಿ ಹೊಗೆಯಾಗುತ್ತದೆ. ಜೊತೆಗೆ ಒಳಬಂದ ಪೆಟ್ರೋಲಿನಲ್ಲಿ ಸ್ವಲ್ಪ ಉರಿಯದೆಯೇ ಹೊರಗೆ ಜಾರುತ್ತದೆ. ಭಾಗಗಳು ಕಡಿಮೆ, ಬಿಚ್ಚುವುದು ಸುಲಭ, ಹೊಗೆ ಜಾಸ್ತಿ. ಹಳೆಯ ಗಾಡಿಯನ್ನು ಪ್ರೀತಿಸುವವರು ಹೊಗೆಯ ಮಾತನ್ನು ಮರೆಸುತ್ತಾರೆ. ಇಂದಿನ ನಗರಗಳಲ್ಲಿ ಎಲ್ಲ ಗಾಡಿಗಳೂ ಹೀಗೇ ಇದ್ದಿದ್ದರೆ ನಮ್ಮ ಮಕ್ಕಳ ಎದೆಯ ಗತಿ ಏನಾಗುತ್ತಿತ್ತು? ಆ ಎಂಜಿನ್ ಹೋದದ್ದು ನ್ಯಾಯವೇ.

ನಮ್ಮ ಜಾವಾ 2001ರಲ್ಲಿ ಕೊಟ್ಟಿಗೆ ಸೇರಿತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಕಬ್ಬಿಣವನ್ನು ಹತ್ತೊಂಬತ್ತು ಮಳೆಗಾಲ ಸುಮ್ಮನೆ ಬಿಟ್ಟರೆ ಏನಾಗಬೇಕೋ ಅದೇ ಆಯಿತು. ಗುಜರಿಯವರು ಎರಡು ಸಲ ಬಂದು ಕೇಳಿದ್ದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ನಾನು ಮಂಗಳೂರಿನಿಂದ ಊರಿಗೆ ಬಂದು ಉಳಿದೆ. ಅಪ್ಪನಿಗೆ ಆಗ ಎಪ್ಪತ್ತೊಂಬತ್ತು. ಒಂದು ಬೆಳಿಗ್ಗೆ ಅಡಿಕೆ ಗೋಣಿಗಳನ್ನು ಸರಿಸಿ ಗಾಡಿಯನ್ನು ಅಂಗಳಕ್ಕೆ ತಂದರು.

ನಮ್ಮ ಮನೆಯಲ್ಲಿ ಭಾನುವಾರದ ರಿಪೇರಿಗೆ ಸ್ಪ್ಯಾನರ್ ಹಿಡಿಯುತ್ತಿದ್ದದ್ದು ಅಣ್ಣ. ನನ್ನ ಪಾಲಿಗೆ ಸೀಮೆಎಣ್ಣೆ ತರುವುದು, ಹಳೇ ಬಟ್ಟೆ ಹುಡುಕಿ ಕೊಡುವುದು. ಅದನ್ನು ಯಾರೂ ನಿಯಮ ಮಾಡಿದ್ದಲ್ಲ, ಹಾಗೇ ನಡೆಯುತ್ತಿತ್ತು. ಅಣ್ಣ ಈಗ ಪರದೇಶದಲ್ಲಿ. ಅಪ್ಪನ ಬೆರಳು ನಡುಗುತ್ತದೆ, ಹತ್ತಿರದ್ದು ಕಣ್ಣಿಗೆ ಕಾಣುವುದಿಲ್ಲ. ಕಾರ್ಬ್ಯುರೇಟರಿನ ಸಣ್ಣ ಜೆಟ್ ಎರಡು ಸಲ ಕೈಜಾರಿ ಬಿದ್ದಾಗ ಅವರು ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದರು.

"ಇಷ್ಟು ವರ್ಷ ನಿನಗೆ ಯಾಕೆ ಹೇಳಿಕೊಡಲಿಲ್ಲ ಅಂತ ಕೇಳಬೇಡ ಮಗಾ," ಎಂದರು.

"ಕೇಳುವುದಿಲ್ಲ ಅಪ್ಪ. ಈಗ ಹೇಳಿ, ಇದು ಎಂತದ್ದು?"

ಹೀಗೆ ಪಾಠ ಶುರುವಾಯಿತು. ಪಾಯಿಂಟಿನ ಅಂತರ 0.4 ಮಿಲಿಮೀಟರ್; ಮುಖ ಕಪ್ಪಾದರೆ ಕಿಡಿ ಬಾರದು, ನಯವಾದ ಎಮರಿ ಕಾಗದದಲ್ಲಿ ಒರೆಸಬೇಕು. ಪ್ಲಗ್ಗಿನ ತುದಿ ಕಾಫಿ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಮಸಿ ಹಿಡಿದು ಒದ್ದೆಯಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚಾಗಿದೆ. ಬೂದಿಬಿಳಿ ಇದ್ದರೆ ಪೆಟ್ರೋಲು ಸಾಲದೆ ಕಾಯುತ್ತಿದೆ. ನಾಲಿಗೆ ನೋಡಿ ಕಾಯಿಲೆ ಹೇಳುವ ಹಳೆಯ ಪಂಡಿತರ ನೆನಪಾಯಿತು.

ಸೈಲೆನ್ಸರಿನ ಒಳಗಿನ ಕೊಳವೆಗಳಲ್ಲಿ ಮಸಿ ಗಟ್ಟಿ ಕಟ್ಟಿತ್ತು. ಟೂ ಸ್ಟ್ರೋಕಿನಲ್ಲಿ ಹೊಗೆಯ ದಾರಿ ಕಟ್ಟಿದರೆ ಗಾಡಿ ಏರು ಹತ್ತುವುದಿಲ್ಲ. ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಬೇಕು ಎಂದರು ಅಪ್ಪ. ಈ ಕೆಲಸ ಅಮ್ಮ ವಹಿಸಿಕೊಂಡರು. ಹಿಂದೆ ತೆಂಗಿನೆಣ್ಣೆಯಿಂದ ಮನೆಯಲ್ಲೇ ಸಾಬೂನು ಮಾಡುತ್ತಿದ್ದ ಕೈ ಅದು. "ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಹೊಯ್ಯಬಾರದು, ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ತೂತು ಬೀಳುತ್ತದೆ. ನಿಮ್ಮ ಎಂಜಿನ್ನಿನ ಅಲ್ಯೂಮಿನಿಯಂ ಭಾಗ ಒಂದನ್ನೂ ಇದರಲ್ಲಿ ಅದ್ದಬೇಡಿ," ಎಂದು ಅಪ್ಪನಿಗೇ ಎಚ್ಚರಿಕೆ ಕೊಟ್ಟರು. ಕೈಗೆ ರಬ್ಬರ್ ಗ್ಲೌಸ್ ಹಾಕಿ, ಹಿತ್ತಿಲಲ್ಲಿ ಹಳೆಯ ಪ್ಲಾಸ್ಟಿಕ್ ಬಕೆಟಿನಲ್ಲಿ ಎರಡು ದಿನ ನೆನೆಸಿ ತೊಳೆದಾಗ ಕೊಳವೆಯ ತೂತುಗಳು ಒಂದೊಂದಾಗಿ ಕಂಡವು. ಇಪ್ಪತ್ತೈದು ವರ್ಷ ಗಾಡಿಯ ಹಿಂದೆ ಕುಳಿತವರಿಗೆ ಅದರ ರಿಪೇರಿಯಲ್ಲಿ ಸಿಕ್ಕ ಮೊದಲ ಕೆಲಸ.

ನಮ್ಮ ಕೈಯಲ್ಲಾಗದ್ದೂ ಇತ್ತು. ಸಿಲಿಂಡರ್ ಗೆರೆ ಬಿದ್ದು ಸವೆದಿತ್ತು. ಲಾಕ್‌ಡೌನ್ ಸಡಿಲಾದ ಮೇಲೆ ಮಂಗಳೂರಿನ ಲೇತಿನವರಲ್ಲಿ ರೀಬೋರ್ ಮಾಡಿಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿಸಿದೆವು. ರಬ್ಬರ್, ಕೇಬಲ್, ಗ್ಯಾಸ್ಕೆಟ್ ಮೈಸೂರಿನಿಂದಲೂ ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೂ ಬಂದವು. ಕಂಪೆನಿ ಮುಚ್ಚಿ ಇಷ್ಟು ವರ್ಷವಾದರೂ ಬಿಡಿಭಾಗ ಸಿಗುವುದಕ್ಕೆ ಕಾರಣ ಸಣ್ಣ ಸಣ್ಣ ಅಂಗಡಿಗಳು, ಕಾರ್ಖಾನೆಯ ಕೆಲಸ ಬಲ್ಲ ಹಳೆಯ ಮೆಕ್ಯಾನಿಕರು, ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಊರೂರುಗಳಲ್ಲಿ ಜಾವಾ ದಿನ ಆಚರಿಸುವ ಮಂದಿ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದಿವೆ. ಅವು ಫೋರ್ ಸ್ಟ್ರೋಕ್. ಅವುಗಳ ಎಂಜಿನ್ನಿನ ಭಾಗ ನಮ್ಮ ಗಾಡಿಗೆ ಹಿಡಿಸುವುದಿಲ್ಲ.

ಎಂಜಿನ್ ಮತ್ತೆ ಸದ್ದು ಮಾಡಿದ್ದು 2021ರ ಜನವರಿಯಲ್ಲಿ. ಅಲ್ಲಿಗೆ ಕತೆ ಮುಗಿಯಿತು ಎಂದುಕೊಳ್ಳಬೇಡಿ. ಸರಿಪಡಿಸುವುದಕ್ಕೆ ಒಂಬತ್ತು ತಿಂಗಳು ಸಾಕಾಯಿತು. ಇಟ್ಟುಕೊಳ್ಳುವುದು ಮುಗಿಯದ ಕೆಲಸ.

ಮೊದಲನೆಯದು ಕಾಗದಪತ್ರ. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರಕಾರ 2021ರ ಜುಲೈಯಲ್ಲಿ ತಂದಿತು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಅಪ್ಪ ಒಪ್ಪಲಿಲ್ಲ. "ಪೇಟೆಗೆ ಹೋಗಿ ತೆಂಗಿನಕಾಯಿ ತರಲಿಕ್ಕೆ ಆಗದ ಗಾಡಿ ನನಗೆ ಎಂತಕ್ಕೆ?" ಹಾಗಾಗಿ ದಂಡ ಕಟ್ಟಿ, ಗಾಡಿ ತೋರಿಸಿ, ಸಾಮಾನ್ಯ ನೋಂದಣಿಯನ್ನೇ ನವೀಕರಿಸಿದೆವು. ಐದು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ದ್ವಿಚಕ್ರಕ್ಕೆ 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 1000 ಆಯಿತು. ಇಪ್ಪತ್ತು ವರ್ಷ ಮೀರಿದ್ದಕ್ಕೆ 2025ರಲ್ಲಿ 2000 ಮಾಡಿದರು.

ಎರಡನೆಯದು ಪೆಟ್ರೋಲು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತವೆ, ತುಕ್ಕು ಹಿಡಿಸುತ್ತವೆ. ಹಳೆಯ ರಬ್ಬರನ್ನೂ ಕೆಡಿಸುತ್ತವೆ. ನಮ್ಮ ಮಳೆಗಾಲಕ್ಕೆ ಇದು ಹೇಳಿ ಮಾಡಿಸಿದ ತೊಂದರೆ. ಜೂನ್ ಬರುವ ಮೊದಲು ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಬರಿದು ಮಾಡುತ್ತೇನೆ, ಟ್ಯಾಂಕಿನ ಒಳಮೈಗೆ ಎಣ್ಣೆ ಆಡಿಸಿ ಇಡುತ್ತೇನೆ. ಮಳೆ ಬಿಟ್ಟ ಮೇಲೆ ಹೊಸ ಪೆಟ್ರೋಲು ತಂದು, ಐದು ಲೀಟರಿಗೆ 200 ಮಿಲಿ ಎಣ್ಣೆ ಅಳೆದು, ಬೇರೆ ಡಬ್ಬದಲ್ಲಿ ಚೆನ್ನಾಗಿ ಕುಲುಕಿಯೇ ಟ್ಯಾಂಕಿಗೆ ಹಾಕುತ್ತೇನೆ.

ಈ ಅಳತೆಗಳು ಕಂಪೆನಿಯ ಪುಸ್ತಕದಲ್ಲಿ ಇದ್ದಿರಬಹುದು. ನಮ್ಮ ಮನೆಗೆ ಆ ಪುಸ್ತಕ ಬಂದಿರಲಿಲ್ಲ. ಎಲ್ಲವೂ ಅಪ್ಪನ ತಲೆಯಲ್ಲಿತ್ತು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದಿಟ್ಟುಕೊಂಡೆ, ನೂರು ಪುಟದ ನೋಟ್ ಪುಸ್ತಕ ಮುಕ್ಕಾಲು ತುಂಬಿದೆ. ಮೈಸೂರಿನ ಕಾರ್ಖಾನೆಯ ಮೂವತ್ತೈದು ವರ್ಷಗಳ ಲೆಕ್ಕ ಎಲ್ಲೋ ಕಡತಗಳಲ್ಲಿ ಇದ್ದೀತು. ಗಾಡಿಯನ್ನು ಬದುಕಿಸಿದ ತಿಳಿವಳಿಕೆ ಮಾತ್ರ ಇಂಥ ತಲೆಗಳಲ್ಲಿ, ವರ್ಕ್‌ಶಾಪುಗಳ ಎಣ್ಣೆ ಹಿಡಿದ ಕೈಗಳಲ್ಲಿ ಉಳಿದಿದೆ. ಅವರೆಲ್ಲ ಈಗ ಎಂಬತ್ತರ ಆಸುಪಾಸಿನವರು. ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ಜಾವಾವೋ ಲ್ಯಾಂಬ್ರೆಟಾವೋ ಹೊಲಿಗೆ ಯಂತ್ರವೋ ಇರಬಹುದು. ಅದನ್ನು ಬಲ್ಲವರು ಇರುವಾಗಲೇ ಒಂದು ಸಲ ಬಿಚ್ಚಿಸಿ, ಪಕ್ಕದಲ್ಲಿ ಕುಳಿತು ಕೇಳಿಕೊಳ್ಳಿ. ಗುಜರಿಯವರಿಗೆ ಕೊಡುವುದು ಆಮೇಲೂ ಆಗುತ್ತದೆ.

ಅಪ್ಪ ಈಗ ಗಾಡಿ ಓಡಿಸುವುದಿಲ್ಲ. ಜಗಲಿಯಲ್ಲಿ ಕುಳಿತು ಕೇಳುತ್ತಾರೆ. ಹೋದ ದೀಪಾವಳಿಯ ಸಮಯ ನಾನು ಗಾಡಿ ಸ್ಟಾರ್ಟ್ ಮಾಡಿ ಹೊರಡುವುದರಲ್ಲಿದ್ದೆ. ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಎಡಗಡೆ ಸೈಲೆನ್ಸರಿನ ಸದ್ದು ಸಣ್ಣ ಆಗಿದೆ, ಮಸಿ ಕಟ್ಟಿರಬೇಕು," ಎಂದರು. ನನಗೆ ಎರಡೂ ಒಂದೇ ಕೇಳಿಸಿತ್ತು. ಬಿಚ್ಚಿ ನೋಡಿದರೆ ಅವರು ಹೇಳಿದ್ದೇ ಸರಿ. ಅಮ್ಮ ಬಕೆಟ್ ತರಲು ಹಿತ್ತಿಲಿಗೆ ಹೋದರು.