ಉಬ್ಬರವೇ, ಊತವೇ? ಅಂಡಾಶಯದ ಕ್ಯಾನ್ಸರ್ ಪತ್ತೆ ಮತ್ತು ಕುಟುಂಬ ವೈದ್ಯರ ಶಿಕ್ಷಣ

ಅಂಡಾಶಯದ ಕ್ಯಾನ್ಸರ್ ಸದ್ದಿಲ್ಲದೆ ಕೊಲ್ಲುವ ರೋಗವೆಂಬ ಮಾತು ವೈದ್ಯಲೋಕದಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಇಂಗ್ಲೆಂಡಿನ ಡೆವನ್ ಕೌಂಟಿಯ 39 ಚಿಕಿತ್ಸಾಲಯಗಳ ದಾಖಲೆಗಳು ಬೇರೆಯದೇ ಕಥೆ ಹೇಳಿದವು. ವಿಲಿಯಂ ಹ್ಯಾಮಿಲ್ಟನ್ ಮತ್ತು ಸಂಗಡಿಗರು ಈ ರೋಗವಿದ್ದ 212 ಮಹಿಳೆಯರನ್ನು ರೋಗವಿಲ್ಲದ 1,060 ಮಹಿಳೆಯರೊಂದಿಗೆ ಹೋಲಿಸಿ 2009ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಿಗಳಲ್ಲಿ ಶೇ 85ರಷ್ಟು ಮಂದಿ ಪತ್ತೆಗೆ ಮೊದಲೇ, ಏಳು ಲಕ್ಷಣಗಳಲ್ಲಿ ಒಂದನ್ನಾದರೂ ವೈದ್ಯರ ಮುಂದೆ ಹೇಳಿಕೊಂಡಿದ್ದರು.

ಆ ಏಳರಲ್ಲಿ ಎರಡು ಲಕ್ಷಣಗಳ ನಡುವಿನ ಅಂತರ ಗಮನಾರ್ಹ. ಬಂದು ಹೋಗುವ ಹೊಟ್ಟೆಯುಬ್ಬರವಿದ್ದವರಲ್ಲಿ ಕ್ಯಾನ್ಸರ್ ಇರುವ ಸಂಭವ ಶೇ 0.3. ಇಳಿಯದೆ ಉಳಿಯುವ ಊತವಿದ್ದರೆ ಅದು ಶೇ 2.5, ಅಂದರೆ 40 ಮಂದಿಯಲ್ಲಿ ಒಬ್ಬರು. ರೋಗಿಯ ಬಾಯಲ್ಲಿ ಎರಡಕ್ಕೂ ಒಂದೇ ಮಾತು ಬರಬಹುದು; ಬೇರ್ಪಡಿಸಿ ಕೇಳಬೇಕಾದವರು ವೈದ್ಯರು.

ಇದು ಹೇಳಿದಷ್ಟು ಸುಲಭವಲ್ಲ. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 7,500 ಮಹಿಳೆಯರಲ್ಲಿ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಒಬ್ಬ ಕುಟುಂಬ ವೈದ್ಯರಿಗೆ ಹೊಸ ರೋಗಿಯೊಬ್ಬರು ಎದುರಾಗುವುದು ಕೆಲವು ವರ್ಷಗಳಿಗೊಮ್ಮೆ. ಹೊಟ್ಟೆನೋವು, ಅಜೀರ್ಣ, ಪದೇ ಪದೇ ಮೂತ್ರಕ್ಕೆ ಹೋಗುವ ತೊಂದರೆಗಳು ಮಾತ್ರ ದಿನನಿತ್ಯದವು. ಹಾಗಾಗಿ ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಸಾಲದು, ಎಣಿಸುವುದನ್ನು ಕಲಿಸಬೇಕು.

ಎಣಿಕೆಯ ಸೂತ್ರವೊಂದನ್ನು ಕೊಟ್ಟವರು ಅಮೆರಿಕದ ಸಿಯಾಟಲ್‌ನ ಬಾರ್ಬರಾ ಗಾಫ್. 2007ರಲ್ಲಿ ಅವರ ತಂಡ ರೂಪಿಸಿದ ಲಕ್ಷಣ ಸೂಚ್ಯಂಕ ಎರಡು ಪ್ರಶ್ನೆಗಳನ್ನು ಮುಂದಿಟ್ಟಿತು: ತೊಂದರೆ ತಿಂಗಳಿಗೆ 12 ದಿನಕ್ಕಿಂತ ಹೆಚ್ಚು ಕಾಡುತ್ತಿದೆಯೇ, ಶುರುವಾಗಿ ಒಂದು ವರ್ಷದೊಳಗಾಗಿದೆಯೇ. ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿಯಲ್ಲೂ 12ರ ಲೆಕ್ಕವಿದೆ. ಊತ, ಬೇಗ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಮೂತ್ರದ ಅವಸರ ಇವು ಅಷ್ಟು ಸಲ ಮರುಕಳಿಸಿದರೆ, ಅದರಲ್ಲೂ 50 ದಾಟಿದವರಲ್ಲಿ, ಸಿಎ 125 ಎಂಬ ಪ್ರೋಟೀನಿನ ಪ್ರಮಾಣ ಅಳೆಯುವ ರಕ್ತಪರೀಕ್ಷೆ ಮಾಡಿಸಬೇಕು. ಫಲಿತಾಂಶ ಮಿಲಿಲೀಟರಿಗೆ 35 ಯೂನಿಟ್ ಅಥವಾ ಹೆಚ್ಚಿದ್ದರೆ ಅಲ್ಟ್ರಾಸೌಂಡ್. ಕರುಳಿನ ಕಿರಿಕಿರಿಯೆಂದು ಕರೆಯುವ ಐಬಿಎಸ್, 50ರ ನಂತರ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಅಪರೂಪವೆಂದೂ ಆ ಮಾರ್ಗಸೂಚಿ ಎಚ್ಚರಿಸುತ್ತದೆ.

ಪರೀಕ್ಷೆಯ ಮಿತಿಯೂ ಪಾಠದ ಭಾಗವಾಗಬೇಕು. ಮೊದಲ ಹಂತದಲ್ಲಿರುವ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಸಿಎ 125 ಏರಿರುವುದಿಲ್ಲ. ಮುಟ್ಟು, ಬಸಿರು, ಎಂಡೊಮೆಟ್ರಿಯೋಸಿಸ್‌ಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರು ಪರೀಕ್ಷೆ ಮಾಡಿಸಿದ 50,780 ಮಹಿಳೆಯರ ಮಾಹಿತಿಯನ್ನು ಆಧರಿಸಿದ 2020ರ ಅಧ್ಯಯನದಲ್ಲಿ, ಸಿಎ 125 ಏರಿದ್ದ 50 ದಾಟಿದವರ ಪೈಕಿ ಶೇ 15.2, ಅದಕ್ಕಿಂತ ಕಿರಿಯರಲ್ಲಿ ಶೇ 3.4 ಮಂದಿಗೆ ಅಂಡಾಶಯದ ಕ್ಯಾನ್ಸರ್ ಇತ್ತು. ಫಲಿತಾಂಶ ಸಹಜವೆಂದು ಬಂದರೂ ತೊಂದರೆ ನಿಲ್ಲದಿದ್ದರೆ ಮತ್ತೆ ಬರುವಂತೆ ರೋಗಿಗೆ ಬಿಡಿಸಿ ಹೇಳಬೇಕು.

ಕಲಿಸುವ ಬಗೆಯೂ ಬದಲಾಗಿದೆ. ಅಮೆರಿಕದಲ್ಲಿ 2002ರಲ್ಲಿ ಆರಂಭವಾದ ‘ಸರ್ವೈವರ್ಸ್ ಟೀಚಿಂಗ್ ಸ್ಟೂಡೆಂಟ್ಸ್’ ಕಾರ್ಯಕ್ರಮದಲ್ಲಿ ರೋಗ ಅನುಭವಿಸಿದ ಮಹಿಳೆಯರೇ ವೈದ್ಯ ವಿದ್ಯಾರ್ಥಿಗಳ ತರಗತಿಗೆ ಬಂದು, ತಮಗೆ ಮೊದಲು ಏನಾಯಿತು, ಅದನ್ನು ವೈದ್ಯರಿಗೆ ಹೇಗೆ ಹೇಳಿದೆವು ಎಂಬುದನ್ನು ವಿವರಿಸುತ್ತಾರೆ.

ಈ ಶ್ರಮಕ್ಕೆ ಬಲವಾದ ಕಾರಣವಿದೆ. ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಬ್ರಿಟನ್ನಿನ ಸಾಮೂಹಿಕ ತಪಾಸಣೆಯ ಪ್ರಯೋಗ ಸಾವಿನ ಪ್ರಮಾಣವನ್ನು ತಗ್ಗಿಸಲಿಲ್ಲವೆಂದು 2021ರಲ್ಲಿ ತಿಳಿದುಬಂತು. ಆದರೆ ಲಕ್ಷಣ ಆಧರಿಸಿ ತ್ವರಿತವಾಗಿ ಆಸ್ಪತ್ರೆಗೆ ಕಳಿಸಿದವರ ಪೈಕಿ, ಈ ಕ್ಯಾನ್ಸರಿನ ಅತಿ ಆಕ್ರಮಣಕಾರಿ ಬಗೆಯಿದ್ದ ನಾಲ್ವರಲ್ಲಿ ಒಬ್ಬರು ಮೊದಲ ಎರಡು ಹಂತಗಳಲ್ಲೇ ಇದ್ದರೆಂದು ಬ್ರಿಟನ್ನಿನದೇ ಆದ ರಾಕೆಟ್ಸ್ ಎಂಬ ಅಧ್ಯಯನ ಕಂಡುಕೊಂಡಿತು.

ಕರ್ನಾಟಕದಲ್ಲಿ ಇಂಥ ತರಬೇತಿ ರೂಪಿಸುವವರು ಪ್ರಶ್ನೆಗಳನ್ನೂ ಕನ್ನಡದಲ್ಲೇ ಹುಡುಕಬೇಕಾಗುತ್ತದೆ. ‘ಗ್ಯಾಸ್ಟ್ರಿಕ್’ ಎಂದು ಬಂದವರನ್ನು ಬೆಳಿಗ್ಗೆ ಏಳುವಾಗ ಹೊಟ್ಟೆ ಇಳಿದಿರುತ್ತದೆಯೇ, ಲಂಗದ ಲಾಡಿ ಕೆಲವು ತಿಂಗಳಿಂದ ಬಿಗಿಯಾಗುತ್ತಿದೆಯೇ ಎಂದು ಕೇಳಿದರೆ, ಉಬ್ಬರವೋ ಊತವೋ ಎಂಬುದು ಅವರ ಉತ್ತರದಲ್ಲೇ ಸಿಗಬಹುದು.