ದಾಖಲಾತಿ ಅರ್ಜಿಯ ಎರಡು ಕಲಂಗಳು: ಕಾಸರಗೋಡಿನ ಕನ್ನಡ ಪ್ರೌಢಶಾಲೆಗಳ ಲೆಕ್ಕಾಚಾರ



ಕನ್ನಡ ಮಾಧ್ಯಮದಲ್ಲಿ ಮಕ್ಕಳು ಎಷ್ಟಿದ್ದಾರೆ, ಅವರ ಫಲಿತಾಂಶ ಹೇಗಿದೆ ಎಂಬ ಪ್ರಶ್ನೆ ಪ್ರತಿ ಜೂನ್ ತಿಂಗಳಲ್ಲಿ ನಮ್ಮ ನಡುವೆ ಏಳುತ್ತದೆ. ಸಂಖ್ಯೆ ಹೇಳುವವರು ಬಹಳ. ಆ ಸಂಖ್ಯೆಯನ್ನು ಯಾವ ಅಳತೆಗೋಲಿನಿಂದ ಪಡೆದದ್ದು ಎಂದು ವಿಚಾರಿಸುವವರು ವಿರಳ. ಈ ಅಳತೆಗೋಲಿಗೂ ಒಂದು ಚರಿತ್ರೆಯಿದೆ. ಅದನ್ನು ತಿಳಿಯದೆ ನಮ್ಮ ಪ್ರೌಢಶಾಲೆಗಳ ಸ್ಥಿತಿಯನ್ನು ಅರಿಯಲಾಗದು.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಹವ್ಯಕ ಕನ್ನಡ ಮಾತನಾಡುವ ಮಗುವಿನ ಪಕ್ಕದಲ್ಲಿ ತುಳು ಮನೆಯ ಮಗು ಕುಳಿತಿರುತ್ತದೆ; ಅದರಾಚೆ ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳು. ಇದು ಇಂದು ನಿನ್ನೆಯ ಬೆರಕೆಯಲ್ಲ. ಶ್ರೀರಂಗಪಟ್ಟಣದ ಪತನಾನಂತರ, 1799ರಲ್ಲಿ, ಕೆನರಾ ಪ್ರಾಂತವು ಕಂಪೆನಿಯ ವಶವಾಯಿತು. 1862ರಲ್ಲಿ ಉತ್ತರ ಭಾಗವು ಮುಂಬಯಿಗೆ ಹೋದಾಗಲೂ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನಲ್ಲೇ ಉಳಿಯಿತು. ಕಾಸರಗೋಡು ಅದರ ತೆಂಕಣ ತಾಲೂಕು. ಮನೆಯಲ್ಲಿ ಯಾವ ನುಡಿಯಿದ್ದರೂ ಇಲ್ಲಿನ ಬಹು ಮನೆಗಳಿಗೆ ಓದುಬರಹದ ನುಡಿ ಕನ್ನಡವೇ ಆಗಿತ್ತು. ನಮ್ಮ ನೆಲದ ಇಬ್ಬರು ಹಿರಿಯ ಕವಿಗಳನ್ನೇ ನೋಡಿ: ಮಂಜೇಶ್ವರ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಮಾತೃಭಾಷೆಯೊಂದನ್ನೇ ಎಣಿಸುವ ಪಟ್ಟಿಯಲ್ಲಿ ಇವರಿಬ್ಬರೂ ಕನ್ನಡಿಗರಲ್ಲ.

ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ ಪ್ರಾಧಾನ್ಯ ದೊರೆತದ್ದು ಇಂಥ ಪಟ್ಟಿಗೇ. ಜನಗಣತಿಯಲ್ಲಿ ತುಳು ಬೇರೆ, ಕೊಂಕಣಿ ಬೇರೆ, ಕನ್ನಡ ಬೇರೆ. ಒಡೆದು ಎಣಿಸಿದ ಮೇಲೆ ಕನ್ನಡದ ಪಾಲು ಕಿರಿದಾಗಿ ಕಂಡಿತು. ಫಜಲ್ ಅಲಿ ಆಯೋಗದ 1955ರ ವರದಿಯಂತೆ 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಗಡಿಯ ವಾದವನ್ನು ಇಲ್ಲಿ ಮತ್ತೆ ಹೂಡುವುದು ನನ್ನ ಉದ್ದೇಶವಲ್ಲ. ಅಂದಿನ ಎಣಿಕೆಯ ಕ್ರಮವೇ ಶಾಲೆಯೊಳಕ್ಕೂ ಬಂದಿತೆಂಬುದನ್ನು ತೋರಿಸುವುದಷ್ಟೇ ಉದ್ದೇಶ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧಿಸುವ ಅನುಕೂಲತೆಯನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಪ್ರಾಥಮಿಕ ಶಾಲೆಯಲ್ಲಿ ಒಟ್ಟು 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅಧ್ಯಾಪಕರನ್ನು ಕೊಡಬೇಕೆಂಬ ಸೂತ್ರ 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ್ದು. ಪ್ರೌಢ ಹಂತಕ್ಕೆ 60 ಮತ್ತು 15 ಎಂಬ ಸಂಖ್ಯೆಗಳನ್ನು ದಕ್ಷಿಣ ವಲಯ ಪರಿಷತ್ತು 1959ರಲ್ಲಿ ಒಪ್ಪಿತು. ಅಂದರೆ ಪ್ರೌಢಶಾಲೆಯ ಕನ್ನಡ ಮಾಧ್ಯಮ ನಿಂತಿರುವುದು ಸಂವಿಧಾನದ ಆ ವಿಧಿಯ ಮೇಲಲ್ಲ, ಆಡಳಿತದ ಒಪ್ಪಂದದ ಮೇಲೆ, ತಲೆಯೆಣಿಕೆಯ ಮೇಲೆ. ಕೇರಳದಲ್ಲಿ ಈ ಎಣಿಕೆ ನಡೆಯುವುದು ಶಾಲೆ ತೆರೆದ ಆರನೇ ಕೆಲಸದ ದಿನ. ಅಂದು ಹಾಜರಾದ ಮಕ್ಕಳ ಸಂಖ್ಯೆಗೆ ತಕ್ಕಂತೆ ಡಿವಿಜನ್, ಡಿವಿಜನಿಗೆ ತಕ್ಕಂತೆ ಹುದ್ದೆ. ಮಳೆಗೆ ಹೆದರಿ ಮನೆಯಲ್ಲುಳಿದ ಮಗುವಿನ ಬೆಲೆ ಎಷ್ಟೆಂಬುದು ಮುಖ್ಯೋಪಾಧ್ಯಾಯರಿಗೆ ಅಂದು ತಿಳಿಯುತ್ತದೆ.

ಇನ್ನು ಫಲಿತಾಂಶದ ಮಾತು. ಕೇರಳದ ಎಸ್ಎಸ್ಎಲ್‌ಸಿ ಉತ್ತೀರ್ಣತೆ 2023ರಲ್ಲಿ ಶೇಕಡಾ 99.70, 2024ರಲ್ಲಿ 99.69. ನಮ್ಮ ಶಾಲೆಗಳೂ ಫಲಕ ಕಟ್ಟಿ ಸಂಭ್ರಮಿಸುತ್ತವೆ, ಸಂಭ್ರಮಿಸಬೇಕಾದದ್ದೇ. ಆದರೆ ಲೆಕ್ಕದ ಒಳಗನ್ನು ನೋಡಿ. 100 ಅಂಕದ ವಿಷಯದಲ್ಲಿ 80 ಲಿಖಿತ ಪರೀಕ್ಷೆಗೆ, 20 ನಿರಂತರ ಮೌಲ್ಯಮಾಪನಕ್ಕೆ. ಡಿ ಪ್ಲಸ್ ದರ್ಜೆಗೆ ಒಟ್ಟು 30 ಸಾಕು. ಆ 20 ಪೂರ್ತಿಯಾಗಿ ದೊರೆತರೆ ಲಿಖಿತದಲ್ಲಿ 80ಕ್ಕೆ 10 ಪಡೆದವನೂ ತೇರ್ಗಡೆ. ಇದರಿಂದಾಗಿ ಕನ್ನಡವರಿಯದ ಅಧ್ಯಾಪಕರಿಂದ ಗಣಿತವನ್ನೋ ಸಮಾಜವಿಜ್ಞಾನವನ್ನೋ ಕೇಳಿಸಿಕೊಂಡ ಮಗುವಿನ ನಷ್ಟ ಫಲಿತಾಂಶದಲ್ಲಿ ಕಾಣಿಸದೆ ಹೋಯಿತು. ಅಂಥ ನೇಮಕಾತಿಗಳ ವಿರುದ್ಧ ಮಕ್ಕಳೂ ಪೋಷಕರೂ ಧರಣಿ ಕುಳಿತಾಗ, ಎಲ್ಲರೂ ತೇರ್ಗಡೆಯಾಗುತ್ತಿರುವಾಗ ತೊಂದರೆಯೆಲ್ಲಿದೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಅಂಕಿಯ ಉತ್ತರವಿರಲಿಲ್ಲ.

ಈಗ ಆ ಮರೆ ಸರಿಯುತ್ತಿದೆ. ಪ್ರತಿ ವಿಷಯದ ಲಿಖಿತ ಪರೀಕ್ಷೆಯಲ್ಲೇ ಕನಿಷ್ಠ ಶೇಕಡಾ 30 ಪಡೆಯಬೇಕೆಂಬ ನಿಯಮವನ್ನು 2024-25ರಲ್ಲಿ 8ನೇ ತರಗತಿಗೆ ತಂದು, ವರ್ಷಕ್ಕೊಂದು ತರಗತಿಯಂತೆ 10ಕ್ಕೆ ಏರಿಸುವಂತೆ ರೂಪಿಸಲಾಗಿದೆ. ಇನ್ನು 80ಕ್ಕೆ 24 ಬೇಕು. ನಿಯಮ ಒಳ್ಳೆಯದೇ, ಕಲಿಕೆಗೆ ಗೌರವ ತರುವಂಥದ್ದು. ಆದರೆ ಪಾಠ ಒಂದು ನುಡಿಯಲ್ಲಿ, ಪಠ್ಯಪುಸ್ತಕ ಮತ್ತು ಪ್ರಶ್ನೆಪತ್ರಿಕೆ ಇನ್ನೊಂದು ನುಡಿಯಲ್ಲಿ ಇರುವ ತರಗತಿಗೆ ಈ 24 ಎಲ್ಲರಿಗಿಂತ ಕಠಿಣವಾಗುವುದು. ಆಗ ಬೀಳುವ ಸೋಲನ್ನು ಕನ್ನಡ ಮಾಧ್ಯಮದ ದೌರ್ಬಲ್ಯವೆಂದೇ ಬಗೆದು ಪೋಷಕರು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸಿದರೆ, ಮುಂದಿನ ಜೂನಿನ ಆರನೇ ದಿನ ಡಿವಿಜನ್ ಇಲ್ಲವಾಗುತ್ತದೆ. ಡಿವಿಜನ್ ಇಲ್ಲದ ಮೇಲೆ ಕನ್ನಡ ಬಲ್ಲ ಅಧ್ಯಾಪಕರ ಹುದ್ದೆಯನ್ನು ಕೇಳುವ ಹಕ್ಕೂ ಉಳಿಯದು.

ಆದ್ದರಿಂದ ಪೋಷಕರಲ್ಲಿ ಮತ್ತು ಶಿಕ್ಷಕ ರಕ್ಷಕ ಸಂಘಗಳಲ್ಲಿ ಮೂರು ವಿನಂತಿಗಳು. ದಾಖಲಾತಿ ಅರ್ಜಿಯಲ್ಲಿ ಮನೆಮಾತಿನ ಕಲಂನಲ್ಲಿ ತುಳುವೋ ಕೊಂಕಣಿಯೋ ಇದ್ದುದನ್ನೇ ಬರೆಯಿರಿ, ಸುಳ್ಳು ಬೇಡ. ಆದರೆ ಮಾಧ್ಯಮದ ಕಲಂನಲ್ಲಿ ಕನ್ನಡವೆಂದು ಸ್ಪಷ್ಟವಾಗಿ ಬರೆದಿದೆಯೇ ಎಂದು ನೋಡಿಕೊಳ್ಳಿ. ನಮ್ಮ ಬೇಡಿಕೆಗೆ ಆಧಾರ ಎರಡನೆಯ ಕಲಂ. ಎರಡನೆಯದಾಗಿ, ಹುದ್ದೆ ತೆರವಾದ ದಿನವೇ ಅದು ಕನ್ನಡ ಮಾಧ್ಯಮದ ಹುದ್ದೆಯೆಂದು ಮೇಲಧಿಕಾರಿಗಳಿಗೆ ಬರೆಹದಲ್ಲಿ ತಿಳಿಸುವಂತೆ ಶಾಲೆಯನ್ನು ಕೇಳಿರಿ. ಮೂರನೆಯದಾಗಿ, ಫಲಿತಾಂಶವನ್ನು ಶಾಲೆಯ ಒಟ್ಟು ಶೇಕಡಾವಾರಿನಲ್ಲಿ ಪಡೆದು ತೃಪ್ತರಾಗದೆ, ಮಾಧ್ಯಮವಾರು, ವಿಷಯವಾರು, ಲಿಖಿತ ಅಂಕಗಳ ಲೆಕ್ಕದಲ್ಲಿ ಕೇಳಿ ಬರೆದಿಡಿರಿ. ಐದು ವರ್ಷಗಳ ಅಂಥ ಒಂದು ಪುಸ್ತಕ ಪ್ರತಿ ಶಾಲೆಯಲ್ಲೂ ಇದ್ದರೆ, ಅಧ್ಯಾಪಕರಿಲ್ಲದ ವರ್ಷ ಯಾವುದು, ಆ ವರ್ಷ ಮಕ್ಕಳು ಕಳೆದುಕೊಂಡದ್ದೆಷ್ಟು ಎಂಬುದನ್ನು ಅಧಿಕಾರಿಗಳ ಮುಂದೆ ಅಂಕಿಯಲ್ಲೇ ಇಡಬಹುದು. ಈ ಜೂನಿನಿಂದಲೇ ಆರಂಭಿಸೋಣ.